ಚಂಚಲ ಮಗುವಿಗೆ ‘ನೈಸರ್ಗಿಕ’ ಚಿಕಿತ್ಸೆ: ಹಣ ಕಟ್ಟುವ ಮೊದಲು ತಿಳಿದಿರಬೇಕಾದದ್ದು



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳೆಂದರೆ ಸಾಮಾನ್ಯವಾಗಿ ಡಯಾಲಿಸಿಸ್, ಕ್ಯಾನ್ಸರ್, ಹೃದಯದ ಶಸ್ತ್ರಚಿಕಿತ್ಸೆ, ಇಲ್ಲವೇ ಲೋಕಲ್ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡ ಪ್ರಕರಣ. ಈಚೆಗೆ ಇನ್ನೊಂದು ಬಗೆಯ ಅರ್ಜಿ ಬರತೊಡಗಿದೆ. ಎಂಟೊಂಬತ್ತು ವರ್ಷದ ಮಗು. ಶಾಲೆಯಿಂದ ದೂರಿನ ಮೇಲೆ ದೂರು. ಯಾರೋ ‘ಎಡಿಎಚ್‌ಡಿ’ ಎಂದು ಹೇಳಿದ್ದಾರೆ. ಮಾತ್ರೆ ಬೇಡವೆಂದು ಮನೆಯವರು ತೀರ್ಮಾನಿಸಿದ್ದಾರೆ. ನೈಸರ್ಗಿಕ ಚಿಕಿತ್ಸೆಯ ಆರು ತಿಂಗಳ ‘ಪ್ಯಾಕೇಜ್’ಗೆ ಮುಂಗಡ ಕಟ್ಟಬೇಕಾಗಿದೆ, ಸಂಘ ನೆರವಾಗಬೇಕು ಎಂಬ ಕೋರಿಕೆ. ಅರ್ಜಿಯ ಜೊತೆ ವೈದ್ಯರ ಚೀಟಿ ಇರುವುದಿಲ್ಲ, ಬಣ್ಣದ ಕರಪತ್ರ ಇರುತ್ತದೆ.

ಹಾಗೆ ಬಂದ ಒಬ್ಬ ತಂದೆ, ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿರುವವರು, ಸಮಿತಿಯ ಮುಂದೆ ನೇರವಾಗಿಯೇ ಕೇಳಿದರು: “ಮಾತ್ರೆ ಕೊಟ್ರೆ ಹುಡುಗ ಮಂಕಾಗ್ತಾನಂತೆ, ಮತ್ತೆ ಬಿಡ್ಲಿಕ್ಕೆ ಆಗುದಿಲ್ವಂತೆ. ಇದಾದ್ರೆ ಬೇರು-ನಾರು, ಏನೂ ತೊಂದ್ರೆ ಇಲ್ಲ ಅಂತಾರೆ. ನೀವೆಂತ ಹೇಳ್ತೀರಿ ಮಾರಾಯ್ರೆ?” ಅವರ ಪ್ರಶ್ನೆ ನಮ್ಮ ಅನೇಕ ಮನೆಗಳದ್ದೂ ಆಗಿರುವುದರಿಂದ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ. ಚಿಕ್ಕದಾಗಿ ಹೇಳುವುದಾದರೆ, ಔಷಧಿಯಿಲ್ಲದ ದಾರಿಗಳು ಇವೆ, ಅವುಗಳಲ್ಲಿ ಕೆಲವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅವು ಆ ಕರಪತ್ರದಲ್ಲಿ ಇರುವಂಥವಲ್ಲ.

ತುಂಟತನ ಬೇರೆ, ಇದು ಬೇರೆ

ಎಡಿಎಚ್‌ಡಿ ಎಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಇದು ಮೊಬೈಲ್ ಕಾಲದ ಹೊಸ ಕಾಯಿಲೆಯಲ್ಲ. 1902ರಲ್ಲೇ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಲಂಡನ್ನಿನಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಜಗತ್ತಿನಾದ್ಯಂತ ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳಿಗೆ ಇದು ಇರುತ್ತದೆಂದು ಅಂದಾಜು. ವಂಶದಲ್ಲಿ ಬರುವುದು ಬಹಳ. “ಇವನ ಅಪ್ಪನೂ ಚಿಕ್ಕಂದಿನಲ್ಲಿ ಹೀಗೇ, ಕಾಲಿಗೆ ಚಕ್ರ ಕಟ್ಟಿದ ಹಾಗೆ ತಿರುಗುತ್ತಿದ್ದ” ಎಂದು ಅಜ್ಜಿ ಹೇಳಿದರೆ ಅದನ್ನೂ ವೈದ್ಯರಿಗೆ ತಿಳಿಸಿ, ಉಪಯೋಗಕ್ಕೆ ಬರುವ ಮಾಹಿತಿ ಅದು.

ಎಲ್ಲ ಚುರುಕಿನ ಮಕ್ಕಳಿಗೂ ಈ ಹೆಸರು ಹಚ್ಚುವಂತಿಲ್ಲ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು, ಓದಿಗೋ ಸ್ನೇಹಕ್ಕೋ ದಿನದ ಬದುಕಿಗೋ ಅದರಿಂದ ಅಡ್ಡಿಯಾಗುತ್ತಿರಬೇಕು. ಶಾಲೆಯಲ್ಲಿ ಮಾತ್ರ ತೊಂದರೆ, ಮನೆಯಲ್ಲೂ ಆಟದ ಬಯಲಲ್ಲೂ ಏನೂ ಇಲ್ಲ ಎಂದಾದರೆ ಮೊದಲು ನೋಡಬೇಕಾದದ್ದು ಶಾಲೆಯ ಕಡೆಗೆ. ಮಗು ತರಗತಿಯಲ್ಲಿ ಎಲ್ಲರಿಗಿಂತ ಕಿರಿಯದೇ ಎಂಬುದನ್ನೂ ನೋಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲೆಗೆ ಸೇರಿಸುವ ವಯಸ್ಸನ್ನು ಡಿಸೆಂಬರ್ ಕೊನೆಗೆ ಲೆಕ್ಕ ಹಾಕುತ್ತಾರೆ. ಅಲ್ಲಿ ಡಿಸೆಂಬರಿನಲ್ಲಿ ಹುಟ್ಟಿದ, ಅಂದರೆ ತರಗತಿಯಲ್ಲಿ ಅತಿ ಕಿರಿಯರಾದ ಗಂಡುಮಕ್ಕಳಿಗೆ ಜನವರಿಯವರಿಗಿಂತ ಶೇಕಡಾ 30ರಷ್ಟು ಹೆಚ್ಚಾಗಿ ಈ ಹೆಸರು ಬಿದ್ದಿತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬರೀ ವಯಸ್ಸಿನ ಎಳೆತನವನ್ನು ರೋಗವೆಂದು ಓದಿಕೊಂಡದ್ದು ಅದರಲ್ಲಿ ಎಷ್ಟೋ ಇರಬೇಕು.

ಇದಕ್ಕೆ ತದ್ವಿರುದ್ಧದ ತಪ್ಪೂ ನಡೆಯುತ್ತದೆ. ಹೆಣ್ಣುಮಕ್ಕಳಲ್ಲಿ ಓಡಾಟ, ಗಲಾಟೆ ಕಡಿಮೆ. ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂರುತ್ತಾರೆ. ಯಾರಿಗೂ ತೊಂದರೆ ಕೊಡದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಏಳನೆಯ, ಎಂಟನೆಯ ತರಗತಿಗೆ ಬಂದಾಗ ಅಂಕ ಕುಸಿಯುತ್ತದೆ, “ಸೋಮಾರಿ” ಎಂಬ ಬಿರುದು ಸಿಗುತ್ತದೆ.

“ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲ್ಲಾಡದೆ ಕೂರುತ್ತಾನೆ, ಇವನಿಗೆ ಗಮನದ ತೊಂದರೆ ಹೇಗೆ?” ಈ ಮಾತನ್ನು ಹೆಚ್ಚುಕಡಿಮೆ ಎಲ್ಲ ತಂದೆತಾಯಿಯರೂ ಕೇಳುತ್ತಾರೆ. ಈ ಮಕ್ಕಳಲ್ಲಿ ಗಮನವೇ ಇಲ್ಲವೆಂದಲ್ಲ, ಅದನ್ನು ಬೇಕಾದ ಕಡೆ ತಿರುಗಿಸಿ ಹಿಡಿದಿಡುವ ಕೈ ಇನ್ನೂ ಗಟ್ಟಿಯಾಗಿಲ್ಲ. ಮೊಬೈಲಿನ ಆಟ ಕ್ಷಣಕ್ಷಣಕ್ಕೂ ಬಹುಮಾನ ಕೊಡುತ್ತದೆ. ಮಗ್ಗಿ ಬರೆಯುವುದಕ್ಕೆ ಆ ಭಾಗ್ಯವಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಿದುಳಿನ ಹೊರಪದರ ಬೆಳೆದು ತನ್ನ ಪೂರ್ಣ ದಪ್ಪಕ್ಕೆ ಬರುವುದು ಸಾಮಾನ್ಯ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕಾದರೆ, ಈ ಮಕ್ಕಳಲ್ಲಿ ಸುಮಾರು ಹತ್ತೂವರೆಗೆ ಎಂದು ಕಂಡುಬಂತು. ಬೆಳವಣಿಗೆಯ ಕ್ರಮ ಅದೇ, ತಡ ಮೂರು ವರ್ಷ. ಒಂಬತ್ತರ ಹುಡುಗನಿಂದ ಆರರ ಹುಡುಗನ ತಾಳ್ಮೆಯನ್ನಷ್ಟೇ ಸದ್ಯಕ್ಕೆ ನಿರೀಕ್ಷಿಸಿ ಎಂದು ವೈದ್ಯರು ಹೇಳಿದರೆ ಅದರ ಹಿಂದೆ ಇಂಥ ಕಾರಣವಿದೆ.

ಮೊದಲು ಇವನ್ನು ನೋಡಿಸಿ

ಯಾವ ಚಿಕಿತ್ಸೆಗೂ ಮುಂಚೆ, ಎಡಿಎಚ್‌ಡಿಯಂತೆ ಕಾಣುವ ಬೇರೆ ತೊಂದರೆಗಳು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕರಪತ್ರದವರು ಈ ಕೆಲಸ ಮಾಡುವುದಿಲ್ಲ.

ಹಲಗೆ ಕಾಣಿಸದ ಮಗು ಪಕ್ಕದವನ ಪುಸ್ತಕಕ್ಕೆ ಇಣುಕುತ್ತದೆ. ಕಿವಿ ಸೋರಿ ಸೋರಿ ಮಂದವಾದ ಮಗು ಕರೆದರೆ ತಿರುಗುವುದಿಲ್ಲ. ಕೆಲವೇ ಸೆಕೆಂಡು ಕಣ್ಣು ನೆಟ್ಟು, ಕರೆದರೂ ಮುಟ್ಟಿದರೂ ಅರಿವಿಲ್ಲದಂತೆ ಕುಳಿತು, ಏನೂ ಆಗದಂತೆ ಮತ್ತೆ ಆಟಕ್ಕೆ ತೊಡಗುವ ಮಗುವಿಗೆ ಇರುವುದು ಒಂದು ಬಗೆಯ ಫಿಟ್ಸ್ ಆಗಿರಬಹುದು. ಅದಕ್ಕೆ ಬೇರೆಯೇ ಔಷಧಿ ಉಂಟು. ಅಕ್ಷರಗಳೇ ಗೊಂದಲವಾಗುವ ಕಲಿಕೆಯ ತೊಂದರೆ ಇನ್ನೊಂದು. 2007ರ ‘ತಾರೇ ಜಮೀನ್ ಪರ್’ ಚಿತ್ರದ ಹುಡುಗನಿಗೆ ಇದ್ದದ್ದು ಅದು, ಎಡಿಎಚ್‌ಡಿ ಅಲ್ಲ. ಎರಡೂ ಒಂದೇ ಮಗುವಿನಲ್ಲಿ ಇರುವುದೂ ಅಪರೂಪವೇನಲ್ಲ.

ರಕ್ತಹೀನತೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶ ಕಡಿಮೆಯಾದ ಮಗು ಸುಸ್ತಾಗಿರುತ್ತದೆ, ಸಿಡುಕುತ್ತದೆ, ಪಾಠದಲ್ಲಿ ಮನಸ್ಸಿಡುವುದಿಲ್ಲ, ರಾತ್ರಿ ಕಾಲು ಒದರುತ್ತ ಹೊರಳಾಡುತ್ತದೆ. ಹಿಮೋಗ್ಲೋಬಿನ್ ಮತ್ತು ಫೆರಿಟಿನ್ ಎಂಬ ರಕ್ತಪರೀಕ್ಷೆಗಳಿಂದ ಇದು ಗೊತ್ತಾಗುತ್ತದೆ. ಕಡಿಮೆ ಇದ್ದರೆ ವೈದ್ಯರು ಹೇಳಿದ ಅಳತೆಯಲ್ಲಿ ಕಬ್ಬಿಣದ ಔಷಧಿ ಕೊಡಬೇಕು. ಪರೀಕ್ಷೆಯಿಲ್ಲದೆ ಅಂಗಡಿಯಿಂದ ತಂದು ಕುಡಿಸಬಾರದು, ಕಬ್ಬಿಣ ಮಿತಿಮೀರಿದರೆ ವಿಷ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ತಪ್ಪಿಸಬೇಡಿ. ಹರಿವೆ ಸೊಪ್ಪು, ಹೆಸರುಕಾಳು, ಅದರ ಮೇಲೆ ನಾಲ್ಕು ಹನಿ ನಿಂಬೆರಸ, ಊಟದ ಹೊತ್ತಿಗೆ ಚಹಾ ಬೇಡ: ಇಷ್ಟು ಮನೆಯಲ್ಲೇ ಆಗುವ ಕೆಲಸ.

ಇನ್ನೊಂದು ನಿದ್ದೆ. ಆರರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಹಾಗಲ್ಲ. ಇನ್ನಷ್ಟು ಕುಣಿಯುತ್ತಾರೆ, ಸಿಟ್ಟಾಗುತ್ತಾರೆ. ನಮ್ಮ ಸದಸ್ಯರಲ್ಲಿ ಅನೇಕರ ಮನೆ ಒಂದು ಕೋಣೆ, ಒಂದು ಅಡುಗೆಮನೆ. ತಂದೆ ಹೋಟೆಲು ಮುಚ್ಚಿ ಬರುವಾಗ ರಾತ್ರಿ ಹನ್ನೆರಡೂವರೆ. ಆಗ ದೀಪ ಹತ್ತುತ್ತದೆ, ಊಟ ಬಡಿಸುವ ಸದ್ದು, ಮಗು ಏಳುತ್ತದೆ. ಅಪ್ಪನ ಮುಖ ನೋಡುವುದೇ ಅಪರೂಪವಾದ್ದರಿಂದ ಒಂದು ಗಂಟೆ ಮಾತು, ನಗು. ಬೆಳಿಗ್ಗೆ ಆರೂವರೆಗೆ ಶಾಲೆಯ ಬಸ್ಸು. ಇದನ್ನು ಯಾರ ತಪ್ಪೆಂದೂ ನಾವು ಹೇಳಲಾರೆವು. ಅಪ್ಪನ ಜೊತೆಗಿನ ಹೊತ್ತನ್ನು ರಾತ್ರಿಯಿಂದ ಬೆಳಿಗ್ಗೆಗೋ ವಾರದ ರಜೆಗೋ ಸರಿಸಿ, ಮಲಗುವ ಮೂಲೆಗೆ ಒಂದು ಪರದೆ ಕಟ್ಟಿ, ಮಲಗುವ ಒಂದು ಗಂಟೆ ಮುಂಚೆ ಟಿವಿ, ಮೊಬೈಲು ಆರಿಸಿ ಕೆಲವು ವಾರ ನೋಡುವುದು ಸಾಧ್ಯ.

ಮಗು ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುತ್ತಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಮೂಗಿನ ಹಿಂದೆ ಅಡಿನಾಯ್ಡ್ ಬೆಳೆದು ಉಸಿರಿಗೆ ಅಡ್ಡಿಯಾಗಿ, ರಾತ್ರಿಯಿಡೀ ನಿದ್ದೆ ತುಂಡಾಗುತ್ತಿರಬಹುದು.

ನಿಜವಾಗಿ ಕೆಲಸ ಮಾಡುವ ಮದ್ದಿಲ್ಲದ ದಾರಿ

ಔಷಧಿಯಿಲ್ಲದ ವಿಧಾನಗಳಲ್ಲಿ ಹೆಚ್ಚು ಆಧಾರವಿರುವುದು ತಂದೆತಾಯಿಗೆ ಕೊಡುವ ತರಬೇತಿ. ಹೌದು, ಮಗುವಿಗಲ್ಲ, ತಂದೆತಾಯಿಗೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರೆಗಿಂತ ಮುಂಚೆ ಇದನ್ನೇ ಕೊಡಬೇಕೆಂದು ಹೇಳುತ್ತದೆ. ಬ್ರಿಟನ್ನಿನ 2018ರ ಮಾರ್ಗಸೂಚಿಯೂ ಐದರೊಳಗಿನವರಿಗೆ ಹಾಗೆಯೇ ಹೇಳುತ್ತದೆ. ತರಬೇತಿ ಎಂದ ಕೂಡಲೇ ನಮ್ಮವರಿಗೆ ಅವಮಾನವಾಗುತ್ತದೆ: “ನಮಗೆ ಮಕ್ಕಳನ್ನು ಸಾಕಲು ಬರುವುದಿಲ್ಲವೆಂದೇ?” ಹಾಗಲ್ಲ. ಸಾಮಾನ್ಯ ಮಗುವಿಗೆ ಸಾಕಾಗುವ ಕ್ರಮ ಈ ಮಗುವಿಗೆ ಸಾಕಾಗುವುದಿಲ್ಲ, ಅಷ್ಟೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಅಡುಗೆಯ ಲೆಕ್ಕ ಬದಲಾದಂತೆ ಇದು.

ಆ ತರಬೇತಿಯಲ್ಲಿ ಏನು ಹೇಳಿಕೊಡುತ್ತಾರೆಂದು ಒಂದು ಸಂಜೆಯ ಹೋಮ್‌ವರ್ಕನ್ನೇ ಇಟ್ಟುಕೊಂಡು ನೋಡೋಣ. ಅಡುಗೆಮನೆಯಿಂದ “ಹೋಮ್‌ವರ್ಕ್ ಮಾಡೋ” ಎಂದು ಕೂಗಿದ ಮಾತು ಈ ಮಗುವಿಗೆ ತಲುಪುವುದೇ ಇಲ್ಲ. ತಲುಪಿದರೂ ಅದರೊಳಗೆ ಹತ್ತು ಕೆಲಸಗಳಿವೆ: ಚೀಲ ಹುಡುಕು, ಡೈರಿ ನೋಡು, ಪುಸ್ತಕ ತೆಗೆ, ಪೆನ್ಸಿಲ್ ಕೆತ್ತು... ಮೂರನೆಯದಕ್ಕೆ ಬರುವಷ್ಟರಲ್ಲಿ ಹುಡುಗ ಗ್ಯಾಲರಿಯಲ್ಲಿ ಪಾರಿವಾಳ ನೋಡುತ್ತಿರುತ್ತಾನೆ. ಆದ್ದರಿಂದ ಹತ್ತಿರ ಹೋಗಿ, ಭುಜ ಮುಟ್ಟಿ, ಕಣ್ಣು ಸೇರಿದ ಮೇಲೆ ಒಂದೇ ಮಾತು: “ಚೀಲದಿಂದ ಗಣಿತದ ಪುಸ್ತಕ ತೆಗೆ.” ತೆಗೆದ ತಕ್ಷಣ “ಹಾಂ, ಹೇಳಿದ ಕೂಡಲೇ ತೆಗೆದೆ, ಶಾಭಾಷ್.” ಹತ್ತು ನಿಮಿಷ ಲೆಕ್ಕ, ಆಮೇಲೆ ಒಂದು ಸಲ ಮೆಟ್ಟಿಲು ಇಳಿದು ಹತ್ತಿ ಬರುವುದು, ಮತ್ತೆ ಹತ್ತು ನಿಮಿಷ. ಮುಗಿಸಿದ್ದಕ್ಕೆ ಕಪಾಟಿಗೆ ಅಂಟಿಸಿದ ಕಾಗದದ ಮೇಲೆ ಒಂದು ನಕ್ಷತ್ರ. ಐದು ನಕ್ಷತ್ರಕ್ಕೆ ಅಂದೇ ಸಂಜೆ ಅಪ್ಪನಿಗೆ ಫೋನ್ ಮಾಡುವ ಅವಕಾಶವೋ, ಕೆಳಗೆ ಅರ್ಧ ಗಂಟೆ ಹೆಚ್ಚು ಕ್ರಿಕೆಟ್ಟೋ. “ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದರೆ ಸೈಕಲ್” ಎಂಬ ಆಸೆ ಈ ಮಕ್ಕಳನ್ನು ಎಳೆಯುವುದಿಲ್ಲ. ಆ ಸೈಕಲು ಅವರಿಗೆ ಕಾಣಿಸದಷ್ಟು ದೂರದಲ್ಲಿರುತ್ತದೆ.

ಬರೆಯುವಾಗ ಕಾಲು ಅಲ್ಲಾಡಿಸಿದರೆ, ನಿಂತುಕೊಂಡು ಬರೆದರೆ ಬಿಟ್ಟುಬಿಡಿ. ಎಲ್ಲದಕ್ಕೂ ಬೈದರೆ ಯಾವುದಕ್ಕೆ ಬೈದರೆಂದು ಮಗುವಿಗೆ ತಿಳಿಯದು. ಹೊಡೆತದಿಂದ ಗಮನ ಬರುವುದಿಲ್ಲ, ಸುಳ್ಳು ಹೇಳುವುದು ಬರುತ್ತದೆ. ಮನೆಯಲ್ಲಿ ಅಜ್ಜ-ಅಜ್ಜಿ ಇದ್ದರೆ ಅವರೂ ಅದೇ ನಿಯಮಕ್ಕೆ ಒಪ್ಪಬೇಕು. ಅಮ್ಮ ‘ಇಲ್ಲ’ ಎಂದದ್ದನ್ನು ಅಜ್ಜಿ ಸೆರಗಿನ ಮರೆಯಲ್ಲಿ ಕೊಟ್ಟರೆ ಒಂದು ವಾರದ ಶ್ರಮ ನೀರುಪಾಲು. ಶಾಲೆಯಲ್ಲಿ ಮುಂದಿನ ಬೆಂಚು, ಕಿಟಕಿಯಿಂದ ದೂರ. ಪುಸ್ತಕ ಹಂಚುವಂಥ ಓಡಾಟದ ಕೆಲಸ. ಡೈರಿಯಲ್ಲಿ ದಿನಕ್ಕೆ ಎರಡು-ಮೂರು ಗುರಿಗಳಿಗೆ ಟೀಚರು ಹಾಕುವ ಗುರುತು. ಐವತ್ತು-ಅರವತ್ತು ಮಕ್ಕಳ ತರಗತಿಯಲ್ಲಿ ಟೀಚರಿಗೆ ಇದು ಸುಲಭವಲ್ಲವೆಂಬುದು ನಿಜ. ಬರೆದು ಕೇಳಿದರೆ ಮಾಡುವವರು ಇದ್ದಾರೆ.

ಸಾಮಾನ್ಯವಾಗಿ ಇಂಥ ತರಬೇತಿ ಎರಡು-ಮೂರು ತಿಂಗಳು, ವಾರಕ್ಕೊಂದು ಸಲ ಇರುತ್ತದೆ. ಖರ್ಚೆಂದರೆ ಹೆಚ್ಚಾಗಿ ಹೋಗಿಬರುವುದು ಮತ್ತು ಕೆಲಸ ತಪ್ಪಿದ ದಿನದ ಸಂಬಳ. ಆದರೂ ಬಾಟಲಿಗೆ ಹಣ ಹೊಂದಿಸುವವರು ಇದಕ್ಕೆ ಸಮಯ ಹೊಂದಿಸುವುದು ಕಷ್ಟ ಎನ್ನುತ್ತಾರೆ.

ಇಲ್ಲಿ ನಮ್ಮ ಸಂಘಕ್ಕೆ ಹತ್ತಿರವಾದ ಒಂದು ವಿಷಯ. “ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ-ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಮಗುವಿಗೆ ಗೊಂದಲ, ಕನ್ನಡ ಬಿಟ್ಟುಬಿಡಿ” ಎಂಬ ಸಲಹೆ ಕೆಲವು ಪೋಷಕರಿಗೆ ಸಿಕ್ಕಿದೆ. ಹೆಚ್ಚು ಭಾಷೆಗಳಿಂದ ಎಡಿಎಚ್‌ಡಿ ಬರುತ್ತದೆ ಎನ್ನಲು ಆಧಾರವಿಲ್ಲ. ಮೇಲೆ ಹೇಳಿದ ಕ್ರಮವೆಲ್ಲ ನಿಂತಿರುವುದು ತಾಯಿಯ ಬಾಯಿಂದ ತಡವರಿಸದೆ ಬರುವ ಚಿಕ್ಕ ಮಾತಿನ ಮೇಲೆ. ಅದು ಕನ್ನಡವೋ ತುಳುವೋ ಕೊಂಕಣಿಯೋ ಆಗಿದ್ದರೆ ಅದರಲ್ಲೇ ಹೇಳಿ.

ಆಟ, ಓಟದಿಂದಲೂ ಉಪಯೋಗವಿದೆ. ದಿನವೂ ಮೈ ಬೆವರುವಷ್ಟು ಆಡಿದ ಮೇಲೆ ಗಮನ ಸ್ವಲ್ಪ ಹೊತ್ತಿಗಾದರೂ ಸುಧಾರಿಸುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗದಲ್ಲಿ ಹದಿನೇಳು ಮಕ್ಕಳನ್ನು ಬೇರೆಬೇರೆ ದಿನ ಇಪ್ಪತ್ತು ನಿಮಿಷ ಉದ್ಯಾನದಲ್ಲಿ, ಪೇಟೆಯಲ್ಲಿ, ಮನೆಗಳ ಓಣಿಯಲ್ಲಿ ನಡೆಸಿ ನೋಡಿದರು. ಉದ್ಯಾನದ ನಡಿಗೆಯ ನಂತರ ಮಕ್ಕಳ ಏಕಾಗ್ರತೆ ಹೆಚ್ಚಿತ್ತು. ಹದಿನೇಳು ಮಕ್ಕಳ ಲೆಕ್ಕದಿಂದ ದೊಡ್ಡ ಮಾತು ಆಡುವಂತಿಲ್ಲ, ಆದರೆ ಉದ್ಯಾನಕ್ಕೆ ಹೋಗಿ ಕೆಟ್ಟವರಿಲ್ಲ. ಯೋಗದ ಕುರಿತು ನಿಮ್ಹಾನ್ಸ್‌ನಲ್ಲೂ ಬೆರಳೆಣಿಕೆಯ ಮಕ್ಕಳ ಮೇಲೆ ಅಧ್ಯಯನ ನಡೆದಿದೆ. ಅಲ್ಲಿ ಯೋಗವನ್ನು ಚಿಕಿತ್ಸೆಯ ಜೊತೆಗೆ ಸೇರಿಸಿದರು, ಚಿಕಿತ್ಸೆಯ ಬದಲಿಗೆ ಅಲ್ಲ. ಯಕ್ಷಗಾನದ ಹೆಜ್ಜೆ, ಕಬಡ್ಡಿ, ಈಜು, ಯಾವುದಾದರೂ ಸರಿ. ಓದಲಿಲ್ಲವೆಂಬ ಶಿಕ್ಷೆಗೆ ಆಟ ತಪ್ಪಿಸುವುದನ್ನು ಮಾತ್ರ ಮಾಡಬೇಡಿ.

ಊಟ, ಬಣ್ಣ, ಸಕ್ಕರೆ

ಸಕ್ಕರೆ ತಿಂದರೆ ಮಕ್ಕಳು ಕುಣಿಯುತ್ತಾರೆ ಎಂಬ ನಂಬಿಕೆ ಗಟ್ಟಿ. 1995ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಕ್ಕರೆಗೂ ಮಕ್ಕಳ ನಡತೆಗೂ ಸಂಬಂಧ ಕಾಣಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ ಪ್ರಕಟವಾದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಮಕ್ಕಳಿಗೆ ಕೊಟ್ಟದ್ದು ಸಕ್ಕರೆಯಿಲ್ಲದ ಪಾನಕ; ಕೆಲವು ತಾಯಂದಿರಿಗೆ ಮಾತ್ರ “ನಿಮ್ಮ ಮಗುವಿಗೆ ಸಕ್ಕರೆ ಕೊಟ್ಟಿದ್ದೇವೆ” ಎಂದು ಹೇಳಿದರು. ಆ ತಾಯಂದಿರಿಗೆ ತಮ್ಮ ಮಕ್ಕಳು ಹೆಚ್ಚು ಚಂಚಲವಾಗಿ ಕಂಡರು! ಹಲ್ಲಿಗೆ, ತೂಕಕ್ಕೆ ಸಕ್ಕರೆ ಕೆಟ್ಟದ್ದೇ. ಎಡಿಎಚ್‌ಡಿಗೆ ಅದು ಕಾರಣವಲ್ಲ.

ಬಣ್ಣದ ಮಾತು ಸ್ವಲ್ಪ ಬೇರೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಮೂರು ವರ್ಷದ ಮತ್ತು ಎಂಟೊಂಬತ್ತು ವರ್ಷದ ಸಾಮಾನ್ಯ ಮಕ್ಕಳಿಗೆ ಕೃತಕ ಬಣ್ಣ ಹಾಗೂ ಸೋಡಿಯಂ ಬೆಂಜೋಯೇಟ್ ಬೆರೆಸಿದ ಪಾನೀಯ ಕೊಟ್ಟಾಗ ಚಂಚಲತೆ ತುಸು ಹೆಚ್ಚಿತು. 2010ರಿಂದ ಯುರೋಪಿನಲ್ಲಿ ಟಾರ್ಟ್ರಜಿನ್ ಸೇರಿ ಆರು ಬಣ್ಣಗಳಿರುವ ತಿನಿಸಿನ ಮೇಲೆ ಎಚ್ಚರಿಕೆ ಅಚ್ಚು ಹಾಕಬೇಕು. ನಮ್ಮಲ್ಲಿ 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಕ್ಯಾನ್ಸರಿನ ಭಯದಿಂದ. ಕಾರಣ ಯಾವುದಾದರೂ ಇರಲಿ, ಶಾಲೆಯ ಗೇಟಿನ ಹೊರಗಿನ ಕೆಂಪು-ಹಳದಿ ತಿನಿಸು ತಪ್ಪಿಸಿದರೆ ನಷ್ಟವೇನಿಲ್ಲ. ಆದರೆ ಬಣ್ಣ ಬಿಟ್ಟ ಮಾತ್ರಕ್ಕೆ ಎಡಿಎಚ್‌ಡಿ ಹೋಗುತ್ತದೆ ಎಂದು ತಿಳಿಯಬೇಡಿ. ಹಾಲು, ಗೋಧಿ, ಮೊಟ್ಟೆ ಎಲ್ಲವನ್ನೂ ಬಿಡಿಸುವ ಕಠಿಣ ಪಥ್ಯವನ್ನು ಆಹಾರತಜ್ಞರ ನಿಗಾ ಇಲ್ಲದೆ ಮಾಡಿಸಬೇಡಿ. ಬೆಳೆಯುವ ಮಗು ಸೊರಗುತ್ತದೆ.

ಮೀನೆಣ್ಣೆಯ ಕ್ಯಾಪ್ಸೂಲಿನಿಂದ ಪ್ರಯೋಜನ ಆದರೂ ಅದು ಸಣ್ಣದು. ಬ್ರಿಟನ್ನಿನ ಮಾರ್ಗಸೂಚಿ ಅದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ. ಅದೇ ಕೊಬ್ಬಿನಾಂಶ ಬಂಗುಡೆ, ಬೂತಾಯಿಯಲ್ಲಿ ಧಾರಾಳವಾಗಿದೆ. ಮೀನು ತಿನ್ನದವರ ಮನೆಯಲ್ಲಿ ಅಗಸೆ ಚಟ್ನಿಪುಡಿ ಇರಲಿ. ಅದರಲ್ಲಿರುವುದು ಅದೇ ಜಾತಿಯ, ತುಸು ದುರ್ಬಲವಾದ ಕೊಬ್ಬು, ರುಚಿಗಂತೂ ಮೋಸವಿಲ್ಲ.

ಒಂದೆಲಗದ ತಂಬುಳಿ, ಒಂದೆಲಗದ ಬಾಟಲಿ

ನಮ್ಮ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಒಂದೆಲಗದ ತಂಬುಳಿ ಉಂಡರೆ ಬುದ್ಧಿ ಚುರುಕಾಗುತ್ತದೆಂದು ಮಕ್ಕಳಿಗೆ ಬಡಿಸುತ್ತ ಬಂದಿದ್ದೇವೆ. ಬಡಿಸಿ, ಒಳ್ಳೆಯ ಊಟ ಅದು. ಬಾಟಲಿಯ ಮೇಲೆ ‘ಬ್ರಾಹ್ಮಿ’ ಎಂದು ಬರೆದಿರುವುದು ಕೆಲವೊಮ್ಮೆ ಈ ಒಂದೆಲಗ, ಕೆಲವೊಮ್ಮೆ ನೀರುಬ್ರಾಹ್ಮಿ ಎಂಬ ಬೇರೆಯೇ ಗಿಡ. ನೀರುಬ್ರಾಹ್ಮಿಯಿಂದ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಸಾರವನ್ನು ಆಸ್ಟ್ರೇಲಿಯಾದಲ್ಲಿ ಆರರಿಂದ ಹದಿನಾಲ್ಕು ವರ್ಷದ ಗಂಡುಮಕ್ಕಳಿಗೆ ಕೊಟ್ಟು, ಇನ್ನೊಂದು ಗುಂಪಿಗೆ ಹುಸಿಮಾತ್ರೆ ಕೊಟ್ಟು ಹೋಲಿಸಿದರು. 2022ರಲ್ಲಿ ಬಂದ ಫಲಿತಾಂಶದಲ್ಲಿ ಚಂಚಲತೆ, ಗಮನಗಳ ವಿಷಯದಲ್ಲಿ ಪೋಷಕರು ಕೊಟ್ಟ ಅಂಕಗಳಿಗೆ ಎರಡು ಗುಂಪಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಪ್ರಯೋಜನವಿಲ್ಲದಿದ್ದರೆ ಹೋಗಲಿ, ಹಾನಿಯಂತೂ ಇಲ್ಲವಲ್ಲ ಎನ್ನುವವರಿಗಾಗಿ ಒಂದು ಸಂಗತಿ. 2004ರಲ್ಲಿ ಅಮೆರಿಕದ ಬೋಸ್ಟನ್ ಸುತ್ತಮುತ್ತ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಐದಕ್ಕೆ ಒಂದು! ಸೀಸವೆಂದರೆ ಮಕ್ಕಳ ಬುದ್ಧಿಯನ್ನೂ ಗಮನವನ್ನೂ ಕುಗ್ಗಿಸುವ ವಿಷ. ಇಷ್ಟರ ತನಕ ಸುರಕ್ಷಿತ ಎಂಬ ಮಟ್ಟವೇ ಅದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಮನ ಹೆಚ್ಚಲೆಂದು ಕುಡಿಸಿದ್ದರಲ್ಲಿ ಗಮನ ಕೆಡಿಸುವ ವಸ್ತು ಇದ್ದರೆ ಏನು ಮಾಡೋಣ? ಎಳೆಮಕ್ಕಳ ನಾಲಿಗೆಗೆ ತೇದು ಹಚ್ಚುವ ಬಜೆಯ ಬಗ್ಗೆಯೂ ಎಚ್ಚರ ಬೇಕು. ಅದರಲ್ಲಿರುವ ಒಂದು ಅಂಶದಿಂದಾಗಿ ಅಮೆರಿಕದಲ್ಲಿ ಅದನ್ನು ಆಹಾರಕ್ಕೆ ಬೆರೆಸುವುದು 1968ರಿಂದಲೇ ನಿಷಿದ್ಧ.

ಆಯುರ್ವೇದವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೋಗುವುದಾದರೆ ನೋಂದಾಯಿತ ವೈದ್ಯರಲ್ಲಿಗೆ ಹೋಗಿ. ಭಸ್ಮ ಬೆರೆತಿದೆಯೇ ಎಂದು ಕೇಳಿ. ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಪೊಟ್ಟಣವನ್ನು ಮನೆಯೊಳಗೆ ತರಬೇಡಿ. ಏನು ಕೊಡುತ್ತಿದ್ದೀರೆಂದು ಮಕ್ಕಳ ವೈದ್ಯರಿಂದ ಮುಚ್ಚಿಡಬೇಡಿ.

ಪ್ಯಾಕೇಜುಗಳಲ್ಲಿ ದುಬಾರಿಯಾದದ್ದು ತಲೆಗೆ ತಂತಿ ಅಂಟಿಸಿ ಪರದೆಯ ಮೇಲೆ ಆಟ ಆಡಿಸುವ ‘ನ್ಯೂರೋಫೀಡ್‌ಬ್ಯಾಕ್’. 2021ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ 144 ಮಕ್ಕಳಲ್ಲಿ ಕೆಲವರಿಗೆ ನಿಜವಾದದ್ದನ್ನೂ ಉಳಿದವರಿಗೆ ಬರೀ ನಟನೆಯದನ್ನೂ ಕೊಟ್ಟರು. ಎರಡೂ ಗುಂಪು ಸಮನಾಗಿ ಸುಧಾರಿಸಿತು. ಸಕ್ಕರೆಯ ಪಾನಕದ ತಾಯಂದಿರು ಇಲ್ಲಿ ನೆನಪಿಗೆ ಬರುತ್ತಾರೆ: ಆಸೆಯಿಂದ ಹಣ ಕಟ್ಟಿದವರಿಗೆ ಮಗು ಸುಧಾರಿಸಿದಂತೆಯೇ ಕಾಣುತ್ತದೆ, ಆಸೆಯಿಂದ ದಿನವೂ ಕರೆದೊಯ್ದ ತಾಯಿಯ ಜೊತೆಗೆ ಮಗು ನಿಜಕ್ಕೂ ಸ್ವಲ್ಪ ಸುಧಾರಿಸಲೂಬಹುದು. ಆ ಸುಧಾರಣೆಗೆ ತಂತಿಯ ಬಿಲ್ಲು ಕಟ್ಟಬೇಕಾಗಿಲ್ಲ.

ಮಾತ್ರೆಯ ಭಯ

ಈಗ ಆ ತಂದೆಯ ಪ್ರಶ್ನೆಗೆ. ಆರು ವರ್ಷ ಮೇಲ್ಪಟ್ಟ ಮಗುವಿಗೆ ತೊಂದರೆ ತೀವ್ರವಾಗಿದ್ದು, ಮೇಲಿನ ಕ್ರಮಗಳು ಸಾಲದಾದಾಗ ವೈದ್ಯರು ಮೀಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸಿಟಿನ್ ಬರೆಯಬಹುದು. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು, ಎತ್ತರದ ಬೆಳವಣಿಗೆ ಕೊಂಚ ನಿಧಾನವಾಗುವುದು ಉಂಟು. ಆದ್ದರಿಂದಲೇ ತೂಕ, ಎತ್ತರ, ನಾಡಿ, ರಕ್ತದೊತ್ತಡ ನೋಡುತ್ತಿರುತ್ತಾರೆ. ಮಗು ಮಂಕಾದರೆ ಪ್ರಮಾಣ ಹೆಚ್ಚಾಯಿತೆಂದು ಅರ್ಥ, ತಿಳಿಸಿದರೆ ಇಳಿಸುತ್ತಾರೆ. ವೈದ್ಯರ ನಿಗಾದಲ್ಲಿ, ಹೇಳಿದ ಅಳತೆಯಲ್ಲಿ ಕೊಟ್ಟಾಗ ಮಗು ಚಟಕ್ಕೆ ಬೀಳುತ್ತದೆಂಬ ಭಯ ಬೇಡ. ಮೀಥೈಲ್‌ಫೆನಿಡೇಟ್ ನಮ್ಮ ಕಾನೂನಿನಲ್ಲಿ ‘ಶೆಡ್ಯೂಲ್ ಎಕ್ಸ್’ ಔಷಧಿ. ಎರಡು ಪ್ರತಿಯ ಚೀಟಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಎಲ್ಲ ಮೆಡಿಕಲ್‌ನಲ್ಲೂ ಸಿಗದು. ಇಷ್ಟು ಕಟ್ಟುನಿಟ್ಟು ಇರುವುದನ್ನು ಕಂಡೇ ಕೆಲವರು ಹೆದರುತ್ತಾರೆ. ಕಟ್ಟುನಿಟ್ಟು ಇರುವುದು ದುರುಪಯೋಗ ತಪ್ಪಿಸಲು.

1999ರಲ್ಲಿ ಪ್ರಕಟವಾದ ಅಮೆರಿಕದ ಹೆಸರಾಂತ ಅಧ್ಯಯನದಲ್ಲಿ 579 ಮಕ್ಕಳನ್ನು ಹದಿನಾಲ್ಕು ತಿಂಗಳು ಗಮನಿಸಿದರು. ಎಡಿಎಚ್‌ಡಿಯ ಮೂಲ ಲಕ್ಷಣಗಳಿಗೆ ಬರೀ ನಡತೆಯ ತರಬೇತಿಗಿಂತ ಸರಿಯಾಗಿ ಕೊಟ್ಟ ಔಷಧಿ ಹೆಚ್ಚು ಕೆಲಸ ಮಾಡಿತು. ಎರಡನ್ನೂ ಸೇರಿಸಿದ ಗುಂಪಿಗೆ ಕಡಿಮೆ ಪ್ರಮಾಣದ ಔಷಧಿ ಸಾಕಾಯಿತು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು ಎಂಬುದನ್ನೂ ಹೇಳಬೇಕು. ಮಾತ್ರೆ ಜೀವನಪರ್ಯಂತದ ಪರಿಹಾರವಲ್ಲ. ಆದರೆ ಮೂರನೆಯ, ನಾಲ್ಕನೆಯ ತರಗತಿಯ ಆ ಎರಡು ವರ್ಷ ಮಗುವಿಗೆ ಮತ್ತೆ ಬರುವುದಿಲ್ಲ. ‘ನೈಸರ್ಗಿಕ’ದ ಒಂದು ಪ್ಯಾಕೇಜಿನಿಂದ ಇನ್ನೊಂದಕ್ಕೆ ಓಡಾಡುತ್ತ ಆ ವರ್ಷಗಳು ಕಳೆದುಹೋಗುತ್ತವೆ ಎಂಬುದೇ ನಮ್ಮ ಸಮಿತಿಯ ಆತಂಕ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವ ಮಕ್ಕಳಿಗೆ ಈ ಲೇಖನ ಓದಿ ಅದನ್ನು ನಿಲ್ಲಿಸಬೇಡಿ, ಬದಲಿಸಲೂ ಬೇಡಿ.

ನಿಧಿ ಯಾವುದಕ್ಕೆ ನೆರವಾಗುತ್ತದೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಕಲಿಕೆಯ ತೊಂದರೆ ಇದೆ, ಎಡಿಎಚ್‌ಡಿ ಇಲ್ಲ. ಹಾಗಾಗಿ ಎಡಿಎಚ್‌ಡಿ ಒಂದೇ ಇದ್ದರೆ ಅಂಗವೈಕಲ್ಯದ ಕಾರ್ಡು ಸಿಗದು. ವಿಮೆ ಹೆಚ್ಚಾಗಿ ಒಳರೋಗಿಯಾದಾಗ ಮಾತ್ರ ಬರುತ್ತದೆ. ಈ ಮಕ್ಕಳ ಖರ್ಚೆಲ್ಲ ಹೊರರೋಗಿ ವಿಭಾಗದ್ದು. ದೊಡ್ಡ ಬಿಲ್ಲು ಒಮ್ಮೆಗೆ ಬರುವುದಿಲ್ಲ, ಸಣ್ಣಸಣ್ಣದು ತಿಂಗಳು ತಿಂಗಳು ಬರುತ್ತದೆ. ದಾನಿಗಳಲ್ಲಿ ನಮ್ಮ ಮನವಿ ಇದು: ಒಂದು ಮಗುವಿನ ಒಂದು ವರ್ಷದ ಹೊಣೆಯನ್ನು, ತಿಂಗಳಿಗಿಷ್ಟು ಎಂದು, ವಹಿಸಿಕೊಳ್ಳಿ. ಹಣ ಕೊಡಲಾಗದ ನಿವೃತ್ತ ಶಿಕ್ಷಕರು ವಾರಕ್ಕೆ ಎರಡು ಸಂಜೆ ಕೊಡಬಹುದು. ಹತ್ತು ಹತ್ತು ನಿಮಿಷದ ಹೋಮ್‌ವರ್ಕಿಗೆ ಜೊತೆ ಕೂರುವವರು ಬೇಕಾಗಿದ್ದಾರೆ.

ವೈದ್ಯರ ತಪಾಸಣೆ, ಕಣ್ಣು-ಕಿವಿ ಮತ್ತು ರಕ್ತದ ಪರೀಕ್ಷೆ, ತಂದೆತಾಯಿಯ ತರಬೇತಿಗೆ ಪ್ರಯಾಣ ಮತ್ತು ಕೆಲಸ ತಪ್ಪಿದ ದಿನಗಳ ಭರ್ತಿ, ತಜ್ಞರು ಬರೆದ ಔಷಧಿ ಇವಿಷ್ಟಕ್ಕೆ ನಿಧಿಯಿಂದ ನೆರವು ಸಿಗುತ್ತದೆ. ಮುಂಗಡ ಕಟ್ಟುವ ಪ್ಯಾಕೇಜುಗಳಿಗೆ, ಅವು ಯಾವ ಹೆಸರಿನವಾದರೂ, ಸಿಗುವುದಿಲ್ಲ. ಮುಂಬಯಿಯಲ್ಲಿ ಸಯನ್, ಕೆಇಎಂ, ನಾಯರ್ ಆಸ್ಪತ್ರೆಗಳಲ್ಲಿ ಕಡಿಮೆ ಖರ್ಚಿನಲ್ಲಿ ತೋರಿಸಬಹುದು. ಕಲಿಕೆಯ ತೊಂದರೆಯ ಪರೀಕ್ಷೆಗೆ ಸಯನ್ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗವಿದೆ. ರಜೆಗೆ ಊರಿಗೆ ಹೋಗುವವರು ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಅರ್ಜಿಯ ಜೊತೆ ಆಸ್ಪತ್ರೆಯ ಕೇಸ್ ಪೇಪರಿನ ಪ್ರತಿ, ತರಗತಿ ಶಿಕ್ಷಕರ ಪತ್ರ, ಈವರೆಗೆ ಕೊಟ್ಟ ಎಲ್ಲ ಔಷಧಿಗಳ ಪಟ್ಟಿ, ನಾಟಿ ಔಷಧಿ ಸೇರಿ, ಲಗತ್ತಿಸಿ. ಕೇಸ್ ಪೇಪರ್ ಇಲ್ಲದವರು ಅರ್ಜಿ ಬರೆಯುವ ಮೊದಲು ಸಂಘದ ಕಚೇರಿಗೆ ಬನ್ನಿ, ಮೊದಲ ಸಲ ಆಸ್ಪತ್ರೆಗೆ ಜೊತೆಗೆ ಬರಲು ಸಮಿತಿಯ ಸದಸ್ಯರೊಬ್ಬರನ್ನು ಕಳಿಸುತ್ತೇವೆ. ಬೇರೆ ಮನವಿಗಳಂತೆ ಈ ಅರ್ಜಿಗಳಲ್ಲಿ ಫಲಾನುಭವಿಯ ಹೆಸರನ್ನೋ ಫೋಟೊವನ್ನೋ ಪತ್ರಿಕೆಯಲ್ಲಿ ಅಚ್ಚು ಹಾಕುವುದಿಲ್ಲ; ಮಗುವಿನ ಕಾಗದಪತ್ರ ಸಮಿತಿಯ ಕಡತದಿಂದ ಹೊರಗೆ ಹೋಗುವುದಿಲ್ಲ.